ಉಪ್ಪು ಸಕ್ಕರೆಯ ನೀರು

ಅಡುಗೆಯ ವಿಷಯದಲ್ಲಿ ನಮ್ಮ ಮನೆಯವರಿಗೆ ಅಳತೆಯೆಂದರೆ ಅಷ್ಟಾಗಿ ಗೌರವವಿಲ್ಲ. ಸಾರಿಗೆ ಉಪ್ಪೆಷ್ಟು ಎಂದು ಕೇಳಿದರೆ ‘ಕೈಗೆ ಬಂದಷ್ಟು’ ಎನ್ನುವರು; ಪಾಯಸಕ್ಕೆ ಬೆಲ್ಲವೆಷ್ಟು ಎಂದರೆ ‘ಕಣ್ಣಿಗೆ ತೋರಿದಷ್ಟು’. ಚಮಚೆಯಲ್ಲಿ ಎಣಿಸಿ ಹಾಕುವವರು ಅಡುಗೆ ಬಾರದವರೆಂದು ನಮ್ಮ ತಾಯಿಯವರ ತೀರ್ಮಾನ. ಆ ತೀರ್ಮಾನವನ್ನು ನಾನೂ ಎಪ್ಪತ್ತು ವರ್ಷ ಒಪ್ಪಿ, ಸುಖವಾಗಿ ಉಂಡು ಬಂದವನು. ಆದರೆ ಒಂದೇ ಒಂದು ಪಾನೀಯದಲ್ಲಿ ಕೈಯಳತೆಯನ್ನು ನಂಬಬಾರದೆಂದು ಈಚೆಗೆ ಕಲಿತೆನು. ಅದು ಹಬ್ಬದ ದಿನದ ಪಾನಕವಲ್ಲ. ಅದನ್ನು ರುಚಿಗೆಂದು ಬೇಡಿ ಕುಡಿದವರೂ ಇಲ್ಲ. ನೀರು, ಉಪ್ಪು, ಸಕ್ಕರೆ, ಇಷ್ಟೇ ಅದರ ಸಾಮಗ್ರಿ.

2025ನೆಯ ಇಸವಿಯ ಬೇಸಗೆಯಲ್ಲಿ ನಮ್ಮ ಮೊಮ್ಮಗನಿಗೆ, ಮದುವೆಯೊಂದರ ಊಟ ಮುಗಿಸಿ ಬಂದ ರಾತ್ರಿಯೇ, ವಾಂತಿಯೂ ಭೇದಿಯೂ ಹಿಡಿದುವು. ನಾಲ್ಕು ವರ್ಷದ ಹುಡುಗ. ಸಂಜೆ ಚಪ್ಪರದ ಕಂಬಗಳನ್ನೆಲ್ಲ ಸುತ್ತಿ ಕುಣಿದವನು ನಡುರಾತ್ರಿಯ ಹೊತ್ತಿಗೆ ಬಾಡಿದ ಬಾಳೆಯೆಲೆಯಂತೆ ಮಲಗಿಬಿಟ್ಟನು. ವೈದ್ಯರಿಗೆ ದೂರವಾಣಿ ಮಾಡಿದೆವು. ಅವರು ಮಗುವಿನ ಸ್ಥಿತಿಯನ್ನು ವಿಚಾರಿಸಿ, ‘ಉಪ್ಪು ಸಕ್ಕರೆಯ ನೀರನ್ನು ಈಗಲೇ ಆರಂಭಿಸಿ, ಬೆಳಗ್ಗೆ ಕರೆತನ್ನಿ, ಮಗು ಮಂಕಾದರೆ ಬೆಳಗಿನವರೆಗೆ ಕಾಯಬೇಡಿ’ ಎಂದರು. ಔಷಧದ ಅಂಗಡಿಗಳು ಮುಚ್ಚಿದ್ದುವು. ಮಗನು ಎಲ್ಲಿಯೋ ತೆರೆದಿದ್ದ ಅಂಗಡಿಯಿಂದ ಹಣ್ಣಿನ ರಸದ ಪೆಟ್ಟಿಗೆಯೊಂದನ್ನು ತಂದನು. ಅದರ ಮೇಲೆ ಓ.ಆರ್.ಎಸ್. ಎಂಬ ಮೂರು ಅಕ್ಷರಗಳು ದಪ್ಪನಾಗಿ ಅಚ್ಚಾಗಿದ್ದುವು. ಒಳಗಿದ್ದುದು ಬರಿಯ ಸಿಹಿ. ಇಂಥ ಪಾನೀಯಗಳು ಆ ಹೆಸರನ್ನು ಹೊರಕೂಡದೆಂದು ಅದೇ ವರ್ಷದ ಅಕ್ಟೋಬರಿನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವು ಆಜ್ಞೆ ಮಾಡಿತು. ಸಕ್ಕರೆ ಅತಿಯಾದರೆ ಅದು ಕರುಳಿನೊಳಕ್ಕೆ ಇನ್ನಷ್ಟು ನೀರನ್ನು ಸೆಳೆದು ಭೇದಿಯನ್ನೇ ಬೆಳೆಸುವುದು. ನಾನು ಪೆಟ್ಟಿಗೆಯನ್ನು ಬದಿಗಿಟ್ಟು ಅಡುಗೆಮನೆಗೆ ಹೋದೆನು.

ಮೊದಲನೆಯ ಸಲ ವಂಶದ ಪದ್ಧತಿಯಂತೆ ಕೈಯಳತೆಯಲ್ಲಿಯೇ ಮಾಡಿದೆನು. ಬಾಯಿಗಿಟ್ಟು ನೋಡಿದರೆ ಸಮುದ್ರದ ನೀರು! ಅದನ್ನು ಚೆಲ್ಲುವಾಗ ನನ್ನ ಕೈ ನಡುಗಿತೆಂದು ಒಪ್ಪಿಕೊಳ್ಳಬೇಕು. ಉಪ್ಪು ಹೆಚ್ಚಾದ ನೀರು ಚಿಕ್ಕ ಮಗುವಿನ ಮೆದುಳಿಗೇ ಅಪಾಯವೆಂದು ನಾನು ಓದಿ ಬಲ್ಲವನು. ಬಲ್ಲವನೇ ಹೀಗೆ ಮಾಡಿದೆನಲ್ಲಾ! ಎರಡನೆಯ ಸಲ ಅಳತೆ ಹಿಡಿದೆನು. ಕುದಿಸಿ ಆರಿಸಿದ ನೀರು 1 ಲೀಟರು. ತಲೆ ಸವರಿದ ಸಣ್ಣ ಚಹಾ ಚಮಚೆಯಲ್ಲಿ ಸಕ್ಕರೆ 6. ಅದೇ ಚಮಚೆಯಲ್ಲಿ ಉಪ್ಪು ಅರ್ಧ, ಅದೂ ತಲೆ ಸವರಿದ್ದು. ಕರಗಿದ ಮೇಲೆ ರುಚಿ ನೋಡಬೇಕು. ಕಣ್ಣೀರಿಗಿಂತ ಉಪ್ಪಾಗಿದ್ದರೆ ಚೆಲ್ಲಿಬಿಡಬೇಕು. ಹೀಗೆ ಮಾಡಿದುದನ್ನು 24 ಗಂಟೆಗಿಂತ ಹೆಚ್ಚು ಇಡಲಾಗದು. ಅಂಗಡಿಯ ನಿಜವಾದ ಪುಡಿಯ ಪೊಟ್ಟಣ ಸಿಕ್ಕುವುದಾದರೆ ಅದೇ ಮೇಲು. ಭೇದಿಯಲ್ಲಿ ಹರಿದುಹೋಗುವ ಪೊಟಾಸಿಯಂ ಮೊದಲಾದವೂ ಅದರಲ್ಲಿರುತ್ತವೆ. ಆದರೆ ಪೊಟ್ಟಣದ ಮೇಲೆ ಎಷ್ಟು ನೀರೆಂದು ಬರೆದಿದೆಯೋ ಅಷ್ಟಕ್ಕೇ ಅದನ್ನು ಪೂರ್ತಿಯಾಗಿ ಹಾಕಬೇಕು. ಲೋಟಕ್ಕೆ ಚಿಟಿಕೆಯಂತೆ ಉದುರಿಸುವುದು ಮತ್ತೆ ಕೈಯಳತೆಯೇ ಆಯಿತು.

ನೀರಿಗೆ ಉಪ್ಪೇಕೆ, ಸಕ್ಕರೆಯೇಕೆ? ಬಾಯಾರಿದವನಿಗೆ ನೀರೇ ಸಾಲದೇ? ಸಾಲದು. ಕರುಳಿನ ಗೋಡೆಯಲ್ಲಿ ಒಂದು ವಿಶೇಷವಾದ ಬಾಗಿಲುಂಟು. ಉಪ್ಪಿನ ಸೋಡಿಯಂ ಒಂಟಿಯಾಗಿ ಬಂದರೆ ಅದು ತೆರೆಯದು, ಸಕ್ಕರೆಯ ಗ್ಲೂಕೋಸು ಒಂಟಿಯಾಗಿ ಬಂದರೂ ತೆರೆಯದು. ಇಬ್ಬರೂ ಜೊತೆಯಾಗಿ ಬಂದಾಗ ತೆರೆದುಕೊಳ್ಳುವುದು. ಅವರ ಬೆನ್ನ ಹಿಂದೆ ನೀರು ತಾನಾಗಿ ಒಳಹೊಗುವುದು. ಕಾಲರಾದಂಥ ಕಠಿನವಾದ ಭೇದಿಯಲ್ಲಿಯೂ ಈ ಬಾಗಿಲು ಕೆಡುವುದಿಲ್ಲ. ರಾಬರ್ಟ್ ಕ್ರೇನ್ ಎಂಬ ವಿಜ್ಞಾನಿಯು 1960ರಲ್ಲಿ ಪ್ರಾಗ್ ನಗರದ ಸಭೆಯೊಂದರಲ್ಲಿ ಇದರ ಮರ್ಮವನ್ನು ಮೊದಲು ಹೇಳಿದನು. ನಮ್ಮ ಹಿರಿಯರು ಉಪ್ಪು ಹಾಕಿದ ಗಂಜಿಯ ತಿಳಿಯನ್ನು ಕೊಡುತ್ತಿದ್ದುದರಲ್ಲಿಯೂ ಇದೇ ಸತ್ಯ ಅಡಗಿತ್ತು. ಅನ್ನದ ಪಿಷ್ಟವೇ ಕರುಳಿನಲ್ಲಿ ಗ್ಲೂಕೋಸಾಗುವುದು. ಆದರೆ ಆ ಗಂಜಿಯನ್ನು ಕೊಡುತ್ತಿದ್ದುದು ಭೇದಿ ನಿಂತ ಮೇಲೆ! ಭೇದಿ ನಡೆಯುತ್ತಿರುವಾಗ ಹೊಟ್ಟೆಯನ್ನು ‘ಒಣಗಿಸಬೇಕು’ ಎಂಬುದೇ ನಮ್ಮ ಕಡೆಯ ನಿಯಮವಾಗಿತ್ತು.

ಆ ರಾತ್ರಿ ನಾನು ಹುಡುಗನ ಬಳಿ ಕುಳಿತು ಚಮಚೆ ಚಮಚೆಯಾಗಿ ನೀರು ಕುಡಿಸತೊಡಗಿದೆನು. ಲೋಟದಿಂದ ಗಟಗಟನೆ ಕುಡಿದರೆ ವಾಂತಿಯಾಗುವುದು. ಒಂದೆರಡು ನಿಮಿಷಕ್ಕೆ ಒಂದು ಚಮಚೆಯಂತೆ ಕೊಡಬೇಕು. ಒಮ್ಮೆ ಕಕ್ಕಿದನು. ಹತ್ತು ನಿಮಿಷ ಸುಮ್ಮನಿದ್ದು, ಮತ್ತೆ ಇನ್ನೂ ನಿಧಾನವಾಗಿ ತೊಡಗಿದೆನು. ಎದುರಿನ ಮಂಚದ ಮೇಲೆ ನಮ್ಮ ತಾಯಿಯವರು ಮಲಗಿದ್ದರು. ಅವರಿಗೆ ತೊಂಬತ್ತು ವರ್ಷ. ನಿದ್ದೆ ಮಾಡುತ್ತಿರುವರೆಂದು ನಾನು ತಿಳಿದಿದ್ದೆನು.

‘ನೀರು ಕೊಡುತ್ತಿದ್ದೀಯಾ?’ ಎಂದರು.

‘ಹೌದಮ್ಮ.’

‘ಭೇದಿಯಾಗುತ್ತಿರುವಾಗಲೇ?’

‘ಆಗಲೇ ಕೊಡಬೇಕಂತೆ.’

ಅವರು ಮತ್ತೆ ಮಾತಾಡಲಿಲ್ಲ. ಅವರ ಮನಸ್ಸು ಎಲ್ಲಿಗೆ ಹೋಯಿತೆಂದು ನನಗೆ ಗೊತ್ತಿತ್ತು. ನನ್ನದೂ ಅಲ್ಲಿಗೇ ಹೋಗಿತ್ತು.

1961ನೆಯ ಇಸವಿಯ ಮಳೆಗಾಲ. ನನಗೆ ಏಳು ವರ್ಷ, ತಮ್ಮನಿಗೆ ಮೂರು. ಹಳ್ಳ ತುಂಬಿ ಪೇಟೆಯ ದಾರಿ ಮುಚ್ಚಿಹೋಗಿತ್ತು. ತಮ್ಮನಿಗೆ ಎರಡು ದಿನ ಭೇದಿಯಾಯಿತು. ಊರ ಹಿರಿಯರೆಲ್ಲರೂ ಒಂದೇ ಮಾತು ಹೇಳಿದರು: ಹನಿ ನೀರನ್ನೂ ಕೊಡಬೇಡಿ, ಕೊಟ್ಟಷ್ಟೂ ಹೋಗುತ್ತದೆ. ತಾಯಿಯವರು ಒದ್ದೆಬಟ್ಟೆಯಿಂದ ಅವನ ತುಟಿಯನ್ನು ಒರೆಸುತ್ತಿದ್ದರು. ಅವನು ಆ ಬಟ್ಟೆಯನ್ನು ಹಲ್ಲಿನಿಂದ ಹಿಡಿದು ಚೀಪಲು ನೋಡುತ್ತಿದ್ದನು. ಮೂಲೆಯಲ್ಲಿದ್ದ ಹಿತ್ತಾಳೆಯ ಚೊಂಬಿನ ಮೇಲೆಯೇ ಅವನ ಕಣ್ಣು. ‘ಅದು ಅವನ ಕಣ್ಣಿಗೆ ಬೀಳದ ಹಾಗೆ ಒಳಗೆ ಇಟ್ಟು ಬಾ’ ಎಂದು ನನಗೆ ಹೇಳಿದರು. ನಾನು ಎತ್ತಿಕೊಂಡು ಹೋಗಿ ಬಚ್ಚಲಲ್ಲಿ ಇಟ್ಟು ಬಂದೆನು. ಹೇಳಿದ ಕೆಲಸವನ್ನು ಚೆಲ್ಲದೆ ಮಾಡಿದೆನೆಂದು ಆಗ ನನಗೆ ಹೆಮ್ಮೆಯೂ ಆಗಿತ್ತು. ಮೂರನೆಯ ದಿನ ಬೆಳಗಾಗುವುದರೊಳಗೆ ಮಗು ಹೋಯಿತು. ನಮ್ಮ ಮನೆಯಲ್ಲಿ ಆ ವಿಷಯವನ್ನು ಮುಂದೆ ಯಾರೂ ಎತ್ತಲಿಲ್ಲ.

ಅದಾದ ಹತ್ತು ವರ್ಷಕ್ಕೆ, 1971ರಲ್ಲಿ, ಬಾಂಗ್ಲಾ ದೇಶದ ಯುದ್ಧದಿಂದ ಓಡಿಬಂದ ಲಕ್ಷಾಂತರ ಜನರು ಪಶ್ಚಿಮ ಬಂಗಾಳದ ಗಡಿಯಲ್ಲಿ ತುಂಬಿಕೊಂಡರು. ಬನಗಾಂವಿನ ಆಸ್ಪತ್ರೆಯಲ್ಲಿ ಕಾಲರಾ ರೋಗಿಗಳು ನೆಲದ ಮೇಲೆಯೂ ಮಲಗಿದ್ದರು. ರಕ್ತನಾಳಕ್ಕೆ ಕೊಡುವ ಲವಣದ್ರವವು ತೀರುತ್ತ ಬಂದಿತ್ತು. ಅಲ್ಲಿದ್ದ ದಿಲೀಪ್ ಮಹಲನಬೀಸ್ ಎಂಬ ವೈದ್ಯರು ಉಪ್ಪು, ಗ್ಲೂಕೋಸು, ಸೋಡಾಗಳ ಪುಡಿಯನ್ನು ಪೊಟ್ಟಣ ಕಟ್ಟಿಸಿ, ಪೀಪಾಯಿಗಳ ನೀರಿನಲ್ಲಿ ಕರಗಿಸಿ, ರೋಗಿಗಳ ತಾಯಂದಿರು, ಅಣ್ಣತಮ್ಮಂದಿರ ಕೈಗೇ ಲೋಟ ಕೊಟ್ಟು ಕುಡಿಸಲು ಹೇಳಿದರು. ನೂರಕ್ಕೆ ಸುಮಾರು 30 ಮಂದಿ ಸಾಯುತ್ತಿದ್ದಲ್ಲಿ ಆ ಸಂಖ್ಯೆ 4ಕ್ಕಿಂತಲೂ ಕೆಳಗಿಳಿಯಿತು. 1978ರಲ್ಲಿ ಲಂಡನಿನ ‘ಲ್ಯಾನ್ಸೆಟ್’ ಪತ್ರಿಕೆಯು, ಈ ಚಿಕಿತ್ಸೆಯ ಹಿಂದಿರುವ ತತ್ತ್ವವು ಪ್ರಾಯಶಃ ಆ ಶತಮಾನದ ವೈದ್ಯಕೀಯದ ಅತ್ಯಂತ ಮುಖ್ಯವಾದ ಮುನ್ನಡೆಯೆಂದಿತು. ಮಹಲನಬೀಸರು 2022ರಲ್ಲಿ ತೀರಿಕೊಂಡರು. ಅವರಿಗೆ ಮರಣೋತ್ತರವಾಗಿ ಪದ್ಮವಿಭೂಷಣವು 2023ರಲ್ಲಿ ಸಂದಿತು. ದೊಡ್ಡ ಪ್ರಶಸ್ತಿಯೇ ಸರಿ; ಆದರೆ ತಾಯಿಯ ಕೈಯಿಂದ ಕಸಿದುಕೊಂಡಿದ್ದ ಲೋಟವನ್ನು ಅವಳ ಕೈಗೇ ಹಿಂದಿರುಗಿಸಿದುದು ನನ್ನ ಮಟ್ಟಿಗೆ ಅದಕ್ಕಿಂತಲೂ ದೊಡ್ಡದು.

ಬೆಳಗಿನ ಜಾವ ಹುಡುಗನು ಕಣ್ಣುಬಿಟ್ಟು ಮೂತ್ರಕ್ಕೆ ಹೋಗಬೇಕೆಂದನು. ಇಂಥ ಕಾಯಿಲೆಯಲ್ಲಿ ಅದಕ್ಕಿಂತ ಒಳ್ಳೆಯ ಸುದ್ದಿಯಿಲ್ಲ. ಮೂತ್ರ ನಿಂತುಹೋಗುವುದು, ಕಣ್ಣು ಗುಳಿಬೀಳುವುದು, ಹೊಟ್ಟೆಯ ಚರ್ಮವನ್ನು ಹಿಂಡಿ ಬಿಟ್ಟರೆ ಅದು ಮೆಲ್ಲಗೆ ಇಳಿಯುವುದು, ಎಬ್ಬಿಸಿದರೂ ಮಂಕಾಗಿರುವುದು, ಮಲದಲ್ಲಿ ರಕ್ತ, ಕೊಟ್ಟುದೆಲ್ಲವೂ ವಾಂತಿಯಾಗುವುದು: ಇವುಗಳಲ್ಲಿ ಒಂದು ಕಂಡರೂ ಮನೆಯ ಮದ್ದನ್ನು ನೆಚ್ಚಿ ಕೂರಬಾರದು, ದಾರಿಯುದ್ದಕ್ಕೂ ಚಮಚೆಯಲ್ಲಿ ಕುಡಿಸುತ್ತಲೇ ಆಸ್ಪತ್ರೆಗೆ ಒಯ್ಯಬೇಕು. ನಮ್ಮ ಹುಡುಗನಿಗೆ ಅವೊಂದೂ ಕಾಣಿಸಲಿಲ್ಲ. ಬೆಳಗ್ಗೆ ವೈದ್ಯರು ನೋಡಿ, ಅದೇ ನೀರನ್ನು ಮುಂದುವರಿಸಿ ಊಟವನ್ನೂ ನಿಲ್ಲಿಸಬೇಡಿರೆಂದು ಹೇಳಿ, ಹದಿನಾಲ್ಕು ದಿನಕ್ಕೆ ಸತುವಿನ ಮಾತ್ರೆಗಳನ್ನು ಬರೆದುಕೊಟ್ಟರು.

ಅಂದು ಮಧ್ಯಾಹ್ನ ತಾಯಿಯವರು ನನ್ನನ್ನು ಕರೆದು ಹತ್ತಿರ ಕೂರಿಸಿಕೊಂಡರು. ‘ಇದು ಆಗಲೂ ಯಾರಿಗಾದರೂ ಗೊತ್ತಿತ್ತೇನೋ?’ ಎಂದು ಕೇಳಿದರು.

ಹೇಮೇಂದ್ರನಾಥ ಚಟರ್ಜಿ ಎಂಬ ವೈದ್ಯರು ಕಲ್ಕತ್ತೆಯಲ್ಲಿ 186 ಮಂದಿ ಕಾಲರಾ ರೋಗಿಗಳಿಗೆ ಉಪ್ಪು ಮತ್ತು ಗ್ಲೂಕೋಸಿನ ನೀರನ್ನು ಕುಡಿಸಿ ಗುಣಪಡಿಸಿದುದಾಗಿ ಪ್ರಕಟಿಸಿದ್ದರು. ಅದು ಅಚ್ಚಾದುದು 1953ರಲ್ಲಿ. ನನ್ನ ತಮ್ಮನು ಹುಟ್ಟುವುದಕ್ಕೂ ಮುಂಚೆ. ಲೋಕವು ಅದನ್ನು ಗಮನಿಸಲಿಲ್ಲ. ಹಳ್ಳದಾಚೆಯ ನಮ್ಮ ಊರಿಗೆ ಅದು ತಲುಪುವ ಬಗೆಯಾದರೂ ಏನು? ಆದರೂ ಗೊತ್ತಿದ್ದವರು ಇದ್ದರೆಂಬುದು ನಿಜವೇ.

‘ಆಗ ಯಾರಿಗೂ ಗೊತ್ತಿರಲಿಲ್ಲಮ್ಮ’ ಎಂದೆನು.

ಅವರು ಬಹಳ ಹೊತ್ತು ನನ್ನ ಕೈಯನ್ನು ಹಿಡಿದುಕೊಂಡಿದ್ದರು. ನಾನು ಹೇಳಿದುದನ್ನು ನಂಬಿದರೋ, ನನಗಾಗಿ ನಂಬಿದಂತೆ ತೋರಿಸಿದರೋ ತಿಳಿಯದು. ಆಮೇಲೆ, ‘ಆ ಅಳತೆಯನ್ನು ಗೋಡೆಯ ಮೇಲೆ ದೊಡ್ಡಕ್ಷರದಲ್ಲಿ ಬರೆದು ಅಂಟಿಸು. ಆ ಹೊತ್ತಿನಲ್ಲಿ ಯಾರಿಗೂ ನೆನಪಿರುವುದಿಲ್ಲ’ ಎಂದರು.

ಅಂಟಿಸಿದ್ದೇನೆ. ಉಪ್ಪಿನ ಡಬ್ಬಿಯ ಮೇಲೆಯೇ ಇದೆ: ನೀರು 1 ಲೀಟರು, ಸಕ್ಕರೆ 6, ಉಪ್ಪು ಅರ್ಧ. ಸಾರಿಗೆ ಉಪ್ಪು ಹಾಕುವಾಗ ಆ ಕಾಗದವನ್ನು ಯಾರೂ ನೋಡುವುದಿಲ್ಲ. ಅಲ್ಲಿ ಕೈಯಳತೆಯೇ ಈಗಲೂ ನಡೆಯುತ್ತಿದೆ. ವಾಚಕರ ಮನೆಯಲ್ಲಿಯೂ ಅಂಥದೊಂದು ಕಾಗದವಿರಲಿ.