ಗೋಡೆಗೆ ಬಾರದ ಮೀನು

ಮದ್ರಸದ ಅಧ್ಯಾಪಕನ ಬಳಿಗೆ ಬರುವ ಪ್ರಶ್ನೆಗಳಿಗೂ ಒಂದು ಋತುಮಾನವಿದೆ. ರಮಝಾನ್ ಸಮೀಪಿಸಿದಾಗ ಝಕಾತ್‌ನ ಲೆಕ್ಕ, ಬಕ್ರೀದ್ ಹೊತ್ತಿಗೆ ಬಲಿಮಾಂಸದ ಪಾಲು, ಮದುವೆಯ ತಿಂಗಳುಗಳಲ್ಲಿ ಮಹ್ರ್‌ನ ವಿಚಾರ. ಆದರೆ ಕಳೆದ ವರ್ಷ ನನ್ನ ಅಕ್ಕನ ಮಗ ಅಮೆರಿಕದಿಂದ ಕರೆಮಾಡಿ ಕೇಳಿದ ಪ್ರಶ್ನೆ ಯಾವ ಋತುವಿಗೂ ಸೇರಿದ್ದಾಗಿರಲಿಲ್ಲ. “ಮಾಮ, ಉಪ್ಪ ಜೊತೆಯಲ್ಲಿದ್ದಾಗ ಹಿಡಿದ ಆ ಮೀನಿನ ಪ್ರತಿಕೃತಿ ಮಾಡಿಸಿ ಗೋಡೆಗೆ ಹಾಕಬೇಕೆಂದಿದ್ದೇನೆ. ಹಾಕಬಹುದೇ?” ಎಂದು ಅವನು ಕೇಳಿದ. ಒಂದೇ ಮಾತಿನಲ್ಲಿ ಉತ್ತರಿಸಿಬಿಡಬಹುದಾದ ಪ್ರಶ್ನೆಯಂತೆ ಅದು ಕಾಣುತ್ತದೆ. ನಾನು ಉತ್ತರಿಸಲು ಒಂದು ತಿಂಗಳು ತೆಗೆದುಕೊಂಡೆ. ಆ ತಿಂಗಳಲ್ಲಿ ತಿಳಿದುಕೊಂಡದ್ದು ಇತರ ಕುಟುಂಬಗಳಿಗೂ ಉಪಯೋಗಕ್ಕೆ ಬರಬಹುದೆಂದು ಇಲ್ಲಿ ಬರೆಯುತ್ತಿದ್ದೇನೆ.

ಅವನ ಉಪ್ಪ, ಎಂದರೆ ನನ್ನ ಭಾವ, ಉಪ್ಪಿನಂಗಡಿಯಲ್ಲಿ ದರ್ಜಿಯಾಗಿದ್ದರು. ಹೊಲಿದ ಬಟ್ಟೆಯ ಜೊತೆ ಉಳಿದ ತುಂಡುಗಳನ್ನೂ ಮಡಚಿ ಗಿರಾಕಿಗೆ ಹಿಂದಿರುಗಿಸುವುದು ಅವರ ಪದ್ಧತಿ. ಶುಕ್ರವಾರ ಜುಮಾದ ಬಳಿಕ ಅಂಗಡಿ ತೆರೆಯದೆ, ಗಾಳ ಹಿಡಿದು ಮಗನೊಂದಿಗೆ ನೇತ್ರಾವತಿಯ ದಡಕ್ಕೆ ಹೋಗುತ್ತಿದ್ದರು. ಸಿಕ್ಕಿದ್ದು ಮನೆಗೂ ನೆರೆಮನೆಗೂ ಸಾಕಾಗುತ್ತಿತ್ತು. ಅವರ ಮನೆಯ ಗೋಡೆಯಲ್ಲಿ ಕ್ಯಾಲೆಂಡರ್ ಮತ್ತು ಕಅಬಾದ ಒಂದು ಚಿತ್ರವನ್ನು ಬಿಟ್ಟರೆ ಬೇರೇನೂ ಇರಲಿಲ್ಲ. ಮನುಷ್ಯರ ಫೋಟೊ ತೂಗುಹಾಕಲು ಅವರು ಒಪ್ಪುತ್ತಿರಲಿಲ್ಲ.

ಮಗ ಇಂಜಿನಿಯರ್ ಆಗಿ ಡೆಟ್ರಾಯಿಟ್ ನಗರದ ಬಳಿ ನೆಲೆಸಿದ. ಎರಡು ವರ್ಷಗಳ ಹಿಂದಿನ ಬೇಸಿಗೆಯಲ್ಲಿ ಅಕ್ಕ ಮತ್ತು ಭಾವ ಅವನಲ್ಲಿಗೆ ಹೋದರು. ಜೂನ್ ಕೊನೆಯಲ್ಲಿ ತಂದೆ ಮಗ ಇಬ್ಬರೂ ಕಾರಿನಲ್ಲಿ ಉತ್ತರಕ್ಕೆ ಮೂರು ಗಂಟೆಗೂ ಮಿಕ್ಕಿ ಪ್ರಯಾಣಿಸಿ, ಗ್ರೇಲಿಂಗ್ ಎಂಬ ಊರಿನ ಬಳಿ ಹರಿಯುವ ಓ ಸಾಬಲ್ ನದಿಗೆ ಹೋಗಿದ್ದರು. ಗ್ರೇಲಿಂಗ್ ಎಂಬುದು ಒಂದು ಮೀನಿನ ಹೆಸರು. ಹಿಂದೆ ಆ ನದಿಯಲ್ಲಿ ಅದು ಹೇರಳವಾಗಿತ್ತು. ಕಾಡು ಕಡಿದು ಮರದ ದಿಮ್ಮಿಗಳನ್ನು ನದಿಯಲ್ಲಿ ತೇಲಿಬಿಟ್ಟದ್ದರಿಂದ ಮತ್ತು ಮಿತಿಯಿಲ್ಲದೆ ಹಿಡಿದದ್ದರಿಂದ 1930ರ ದಶಕದ ಹೊತ್ತಿಗೆ ಮಿಚಿಗನ್ ರಾಜ್ಯದಿಂದಲೇ ಅದು ಅಳಿದುಹೋಯಿತು. ಊರಿನಲ್ಲಿ ಹೆಸರು ಉಳಿಯಿತು, ನೀರಿನಲ್ಲಿ ಮೀನು ಉಳಿಯಲಿಲ್ಲ. ಈಗ ಅಲ್ಲಿರುವ ಬ್ರೌನ್ ಟ್ರೌಟ್ ವಲಸೆ ಬಂದದ್ದು. ಜರ್ಮನಿಯಿಂದ ತರಿಸಿದ ಮೊಟ್ಟೆಗಳಿಂದ ಬೆಳೆಸಿದ ಮರಿಗಳನ್ನು 1884ರಲ್ಲಿ ಮಿಚಿಗನ್ನಿನ ಮತ್ತೊಂದು ನದಿಯಲ್ಲಿ ಬಿಟ್ಟಲ್ಲಿಂದ ಆ ದೇಶದಲ್ಲಿ ಅದರ ಕಥೆ ಆರಂಭವಾಗುತ್ತದೆ. ಕಾಶ್ಮೀರಕ್ಕೆ ಪ್ರವಾಸ ಹೋದವರು ಅಲ್ಲಿ ತಿಂದಿರಬಹುದಾದ ಟ್ರೌಟ್ ಕೂಡ ಬ್ರಿಟಿಷರು ಹೊರಗಿನಿಂದ ತಂದು ಬೆಳೆಸಿದ ಮೀನೇ.

ಓ ಸಾಬಲ್ ನದಿಯ ಒಂದು ಭಾಗಕ್ಕೆ ‘ಹೋಲಿ ವಾಟರ್ಸ್’ ಎಂದು ಹೆಸರು. ಪವಿತ್ರ ಜಲ ಎಂದರ್ಥ. ಇದನ್ನು ಕೇಳಿ ಭಾವ, “ನಮಗೆ ಝಂಝಂ ಒಂದೇ ಸಾಕು” ಎಂದು ನಕ್ಕರಂತೆ. ಅವರು ಹೋದ ಭಾಗದಲ್ಲಿ ಹಿಡಿದ ಮೀನನ್ನು ಜೀವಂತ ಬಿಟ್ಟುಬಿಡಬೇಕೆಂಬ ನಿಯಮವಿದೆ. ಭಾವನಿಗೆ ಅದು ಒಗ್ಗಲಿಲ್ಲ. “ತಿನ್ನುವುದಿಲ್ಲವಾದರೆ ಆ ಬಡಜೀವಿಯ ಬಾಯಿಗೆ ಮುಳ್ಳು ಚುಚ್ಚುವುದೇಕೆ?” ಎಂದು ಕೇಳಿದರು. ಈ ಪ್ರಶ್ನೆ ನಮ್ಮ ಕರ್ಮಶಾಸ್ತ್ರದ ಪ್ರಶ್ನೆಯೂ ಹೌದು. ಪ್ರಯೋಜನಕ್ಕಲ್ಲದೆ ಬರಿಯ ಆಟಕ್ಕಾಗಿ ಜೀವಿಯನ್ನು ನೋಯಿಸುವುದನ್ನು ವಿದ್ವಾಂಸರು ಮೆಚ್ಚಿಲ್ಲ. ಬಿಟ್ಟುಬಿಡುವ ನಿಯಮವಿರುವುದರಿಂದಲೇ ಈ ಮೀನಾದರೂ ಉಳಿದಿದೆ ಎಂಬುದು ಮಗನ ಉತ್ತರ. ಇಬ್ಬರ ಮಾತಿನಲ್ಲೂ ಸತ್ಯವಿತ್ತು.

ಆ ದಿನಗಳಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತೂವರೆಯ ಹೊತ್ತಿಗೆ. ದಡದಲ್ಲಿ ಮಗ್ರಿಬ್ ನಿರ್ವಹಿಸಿ ಇಬ್ಬರೂ ಕಾದರು. ಕತ್ತಲಾದ ಮೇಲೆ ನದಿಯ ಕೆಸರಿನಿಂದ ದೊಡ್ಡ ದೊಡ್ಡ ಹುಳಗಳು ರೆಕ್ಕೆ ಬಿಚ್ಚಿ ಮೇಲೇಳುತ್ತವೆ, ಹಗಲಿಡೀ ಅಡಗಿರುವ ಹಿರಿಯ ಟ್ರೌಟ್‌ಗಳು ಅವನ್ನು ತಿನ್ನಲು ಬರುತ್ತವೆ. ಪುಕ್ಕ ಮತ್ತು ನೂಲಿನಿಂದ ಕಟ್ಟಿದ ನಕಲಿ ಹುಳವನ್ನು ಮಗ ನೀರಿನ ಮೇಲೆ ಎಸೆದ. ಮೀನು ಸಿಕ್ಕಿತು. ಭಾವ ಬಲೆಯೊಡ್ಡಿ ಎತ್ತಿದರು. ಜೇಬಿನಲ್ಲಿ ಸದಾ ಇರುತ್ತಿದ್ದ ದರ್ಜಿಯ ಟೇಪನ್ನು ತೆಗೆದು ಅಳೆದರು. ಉದ್ದ 25 ಇಂಚು, ಸುತ್ತಳತೆ 13 ಇಂಚು. ತೂಕದ ಅಂದಾಜಿಗೆ ಅಲ್ಲಿನವರಲ್ಲಿ ಒಂದು ಸೂತ್ರವಿದೆ: ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 800ರಿಂದ ಭಾಗಿಸಿದರೆ ಪೌಂಡುಗಳಲ್ಲಿ ತೂಕ ದೊರೆಯುತ್ತದೆ. ಆ ಲೆಕ್ಕದಲ್ಲಿ ಅದು ಐದೂಕಾಲು ಪೌಂಡಿನ, ಎಂದರೆ ಸುಮಾರು 2.4 ಕಿಲೋದ ಮೀನು. ಮಗ ಎರಡು ಫೋಟೊ ತೆಗೆದ. ಭಾವ ಕೈಗಳನ್ನು ಒದ್ದೆ ಮಾಡಿಕೊಂಡು, ಮೀನಿನ ತಲೆಯನ್ನು ಹರಿವಿನ ಎದುರಿಗೆ ಹಿಡಿದು, ಅದು ಚೇತರಿಸಿಕೊಂಡು ತಾನಾಗಿ ಹೊರಡುವವರೆಗೆ ನೀರಿನಲ್ಲಿ ನಿಂತಿದ್ದರಂತೆ.

ಊರಿಗೆ ಮರಳಿದ ಭಾವ ಅದೇ ಡಿಸೆಂಬರಿನಲ್ಲಿ ಹೃದಯಾಘಾತದಿಂದ ಅಲ್ಲಾಹನ ಕರೆಗೆ ಓಗೊಟ್ಟರು. ಮಗನಿಗೆ ಮಯ್ಯಿತ್ ನಮಾಝಿಗೆ ತಲುಪಲಾಗಲಿಲ್ಲ. ಅವನು ಪ್ರತಿಕೃತಿಯ ಮಾತೆತ್ತಿದ್ದು ಅದಾಗಿ ಕೆಲವು ತಿಂಗಳ ಬಳಿಕ.

ಪ್ರತಿಕೃತಿಯನ್ನು ಹೇಗೆ ಮಾಡುತ್ತಾರೆಂದು ನಾನು ಮೊದಲು ಕೇಳಿ ತಿಳಿದುಕೊಂಡೆ. ವಿಷಯ ಅರಿಯದೆ ತೀರ್ಪು ಹೇಳಬಾರದೆಂದು ನಮ್ಮ ಉಸ್ತಾದರು ಕಲಿಸಿದ್ದರು. ಹಿಂದೆ ಮೀನನ್ನು ಕೊಂದು, ಚರ್ಮ ಸುಲಿದು, ಒಳಗೆ ಅಚ್ಚು ತುಂಬಿಸಿ ನಿಲ್ಲಿಸುತ್ತಿದ್ದರು. ಟ್ರೌಟ್‌ನ ಚರ್ಮ ತೆಳು, ಎಣ್ಣೆಯ ಅಂಶವುಳ್ಳದ್ದು, ಅದು ಹಾಗೆ ಬಹುಕಾಲ ಚೆನ್ನಾಗಿ ಉಳಿಯುವುದಿಲ್ಲ. ಸತ್ತೊಡನೆ ಅದರ ಬಣ್ಣವೂ ಮಾಸುತ್ತದೆ. ಆದ್ದರಿಂದ ಈಗ ಹೆಚ್ಚಿನವರು ಮೀನನ್ನು ಬಿಟ್ಟುಬಿಟ್ಟು, ಫೋಟೊ ಮತ್ತು ಅಳತೆಯನ್ನು ಮಾತ್ರ ಕುಶಲಕರ್ಮಿಗೆ ಕೊಡುತ್ತಾರೆ. ಅವನ ಬಳಿ ಬೇರೆ ಬೇರೆ ಗಾತ್ರದ ಮೀನುಗಳಿಂದ ತೆಗೆದ ಅಚ್ಚುಗಳಿರುತ್ತವೆ. ಅಳತೆಗೆ ಹತ್ತಿರವಾದ ಅಚ್ಚಿನಲ್ಲಿ ಫೈಬರ್‌ಗ್ಲಾಸಿನ ದೇಹವನ್ನು ಎರಕಹೊಯ್ದು, ಕೃತಕ ಕಣ್ಣುಗಳನ್ನಿಟ್ಟು, ಫೋಟೊ ನೋಡಿ ಒಂದೊಂದೇ ಚುಕ್ಕೆಯನ್ನು ಬಿಡಿಸುತ್ತಾನೆ. ದರ ಇಂಚಿನ ಲೆಕ್ಕದಲ್ಲಿ. ಅಂದರೆ ಗೋಡೆಗೆ ಬರುವುದು ಎಂದೋ ಸತ್ತ ಬೇರೊಂದು ಮೀನಿನ ಆಕಾರ, ಅದರ ಮೇಲೆ ಈ ಮೀನಿನ ಚುಕ್ಕೆಗಳು.

ಧರ್ಮದ ವಿಧಿಯ ಬಗ್ಗೆ ನನಗೆ ಹೆಚ್ಚಿನ ಸಂದೇಹವಿರಲಿಲ್ಲ. ನಾನು ಕಲಿತ ಶಾಫಿಈ ಮದ್‌ಹಬ್‌ನ ಪ್ರಕಾರ ಜೀವಿಯ ಪೂರ್ಣಾಕಾರದ, ನೆರಳು ಬೀಳುವಂತಹ ರೂಪವನ್ನು ಮಾಡುವುದೂ ಮಾಡಿಸುವುದೂ ನಿಷಿದ್ಧ. ಮರ, ಬೆಟ್ಟ, ಕಟ್ಟಡಗಳ ಚಿತ್ರಕ್ಕೆ ಅಡ್ಡಿಯಿಲ್ಲ. ಹೆಣ್ಣುಮಕ್ಕಳ ಆಟದ ಗೊಂಬೆಗಳಿಗೆ ವಿನಾಯಿತಿಯಿದೆ. ಆಯಿಶಾ(ರ) ಅವರು ಗೊಂಬೆಗಳೊಂದಿಗೆ ಆಡುತ್ತಿದ್ದುದನ್ನು ಪ್ರವಾದಿವರ್ಯರು(ಸ) ತಡೆದಿರಲಿಲ್ಲ. ಕ್ಯಾಮರಾದ ಫೋಟೊ ಕುರಿತು ಈ ಕಾಲದ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಆದರೆ ಎರಕದ ಮೀನು ಈ ವಿನಾಯಿತಿಗಳಲ್ಲಿ ಯಾವುದರೊಳಗೂ ಸೇರುವುದಿಲ್ಲ.

ಹುಡುಗ ಓದಿಕೊಂಡವನು, ಸುಮ್ಮನೆ ಒಪ್ಪುವವನಲ್ಲ. ಸುಲೈಮಾನ್(ಅ)ರಿಗಾಗಿ ಜಿನ್ನ್‌ಗಳು ಪ್ರತಿಮೆಗಳನ್ನು ನಿರ್ಮಿಸುತ್ತಿದ್ದವೆಂದು ಕುರ್‌ಆನ್‌ನ ಸಬಅ್ ಅಧ್ಯಾಯದಲ್ಲಿ ಇದೆಯಲ್ಲವೇ ಎಂದ. ಅದು ಹಿಂದಿನ ಶರೀಅತ್‌ನ ವಿಚಾರವೆಂದು ವಿದ್ವಾಂಸರು ವಿವರಿಸಿರುವುದನ್ನು ನಾನು ಹೇಳಿದೆ. “ಕೊಂದು ತೂಗುಹಾಕುವುದಕ್ಕಿಂತ ಇದು ಎಷ್ಟೋ ಮೇಲಲ್ಲವೇ ಮಾಮ?” ಎಂಬ ಅವನ ಇನ್ನೊಂದು ಮಾತನ್ನು ಮಾತ್ರ ನಾನು ತಳ್ಳಿಹಾಕಲಿಲ್ಲ. ಬೇಟೆಯಾಡಿದ ಪ್ರಾಣಿಗಳ ಚರ್ಮ ತುಂಬಿ ನಿಲ್ಲಿಸುವುದರಲ್ಲಿ ಜಗತ್ಪ್ರಸಿದ್ಧವಾಗಿದ್ದ ವ್ಯಾನ್ ಇಂಗನ್ ಕುಟುಂಬ ನಮ್ಮ ಮೈಸೂರಿನದು. ಅದೇ ಕುಟುಂಬದವರೊಬ್ಬರು 1946ರಲ್ಲಿ ಕಬಿನಿಯಲ್ಲಿ ಗಾಳಕ್ಕೆ 120 ಪೌಂಡಿನ ಮಹಶೀರ್ ಮೀನನ್ನು ಹಿಡಿದಿದ್ದರು. ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಮಾತ್ರ ಇರುವ, ಬೆನ್ನು ಉಬ್ಬಿದ ಆ ಮಹಶೀರ್ 2018ರಲ್ಲಿ ಅಳಿವಿನ ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿತು. ಜೀವಂತ ಮೀನನ್ನು ನೀರಿಗೆ ಮರಳಿಸುವ ಪದ್ಧತಿ ಖಂಡಿತ ಉತ್ತಮ. ಆದರೆ ಮರಳಿಸುವುದರಲ್ಲಿರುವ ಒಳಿತು ಪ್ರತಿಕೃತಿ ಇಲ್ಲದಿದ್ದರೂ ಹಾಗೆಯೇ ಇರುತ್ತದೆ.

ಕೊನೆಗೆ ಅವನು ನಿಜವಾದ ಮಾತನ್ನು ಹೇಳಿದ. “ಮೀನನ್ನು ಯಾರೂ ಪೂಜಿಸುವುದಿಲ್ಲ ಮಾಮ. ಉಪ್ಪನ ಫೋಟೊ ಹಾಕಿದರೆ ಅವರಿಗೆ ಇಷ್ಟವಾಗುತ್ತಿರಲಿಲ್ಲ. ಅದಕ್ಕೆ ಮೀನಾದರೂ ಇರಲಿ ಎಂದು.”

ಈ ಮಾತು ನನ್ನನ್ನು ಬಹಳ ದಿನ ಕಾಡಿತು. ಗೋಡೆಗೆ ಬರಲಿದ್ದುದು ಹೆಸರಿಗೆ ಮೀನು, ಅಲ್ಲಿ ನಿಲ್ಲಲಿದ್ದವರು ಭಾವ. ನೂಹ್(ಅ)ರ ಜನಾಂಗದವರು ಪೂಜಿಸುತ್ತಿದ್ದ ವದ್ದ್, ಸುವಾಅ್, ಯಗೂಸ್ ಮೊದಲಾದ ಹೆಸರುಗಳ ಬಗ್ಗೆ ಇಬ್ನ್ ಅಬ್ಬಾಸ್(ರ) ನೀಡಿದ ವಿವರಣೆಯನ್ನು ಇಮಾಮ್ ಬುಖಾರಿ ದಾಖಲಿಸಿದ್ದಾರೆ. ಅವರು ಆ ಜನಾಂಗದ ಸಜ್ಜನರಾಗಿದ್ದರು. ಅವರು ತೀರಿಹೋದಾಗ, ಅವರು ಕುಳಿತುಕೊಳ್ಳುತ್ತಿದ್ದ ಜಾಗಗಳಲ್ಲಿ ಜನರು ಪ್ರತಿಮೆಗಳನ್ನು ನಿಲ್ಲಿಸಿದರು. ನಿಲ್ಲಿಸಿದವರು ಪೂಜಿಸಲಿಲ್ಲ. ಆ ತಲೆಮಾರು ಗತಿಸಿ, ಜ್ಞಾನ ಮರೆಯಾದ ಮೇಲೆ ಪೂಜೆ ಆರಂಭವಾಯಿತು. ಎಷ್ಟೋ ಸಲ ಮಕ್ಕಳಿಗೆ ಈ ಪಾಠ ಹೇಳಿದ್ದೇನೆ. ಮೊದಲು ಪ್ರತಿಮೆ ನಿಲ್ಲಿಸಿದವರ ದುಃಖದ ಕಡೆಗೆ ನನ್ನ ಗಮನ ಹರಿದದ್ದು ಈ ಸಲ. ಅವರ ಸ್ಥಾನದಲ್ಲಿ ಈಗ ನನ್ನ ಅಕ್ಕನ ಮಗ ನಿಂತಿದ್ದ. ಅವನ ಮೊಮ್ಮಕ್ಕಳು ಮೀನನ್ನು ಪೂಜಿಸಲಾರರು, ನಿಜ. ಆದರೆ ಇಪ್ಪತ್ತು ವರ್ಷಗಳ ಬಳಿಕ ಆ ಮನೆಯಲ್ಲಿ ಭಾವನ ಬಗ್ಗೆ ಉಳಿಯುವ ಕಥೆ 25 ಇಂಚಿನ ಮೀನೊಂದೇ ಆಗಬಹುದು. ಹಿಂದಿರುಗಿಸಿದ ಬಟ್ಟೆಯ ತುಂಡುಗಳನ್ನು ನೆನಪಿಸಲು ಗೋಡೆಯಲ್ಲಿ ಏನೂ ಇರುವುದಿಲ್ಲ.

ಉತ್ತರ ಹೇಳುವ ಮೊದಲು ಉಪ್ಪಿನಂಗಡಿಗೆ ಹೋಗಿ ಅಕ್ಕನನ್ನು ಕಂಡೆ. ಎಲ್ಲವನ್ನೂ ಕೇಳಿದ ಅಕ್ಕ, “ಬೇಡ ಎನ್ನುವುದಾದರೆ ಹೇಳು, ನೀನು ಕಲಿತವನು. ಆದರೆ ನನ್ನ ಮಗನನ್ನು ಬರಿಗೈಯಲ್ಲಿ ಕಳುಹಿಸಬೇಡ” ಎಂದಳು. ಎದ್ದುಹೋಗಿ ಭಾವನ ಅಳತೆಯ ಪುಸ್ತಕವನ್ನು ತಂದು ಕೊಟ್ಟಳು. ಅಂಗಡಿಯ ಆ ಕಿರುಪುಸ್ತಕ ಅಮೆರಿಕಕ್ಕೂ ಅವರ ಜೇಬಿನಲ್ಲೇ ಹೋಗಿತ್ತು. ಪ್ರತಿ ಪುಟದಲ್ಲೂ ಗಿರಾಕಿಯ ಹೆಸರು, ಎದೆ, ತೋಳು, ಉದ್ದ. ಬಟ್ಟೆ ಒಯ್ದವರ ಹೆಸರಿನ ಮುಂದೆ ‘ಕೊಟ್ಟಿದೆ’ ಎಂಬ ಒಂದು ಪದ. ಕೊನೆಯಲ್ಲಿ, ಅದೇ ಕೈಬರಹದಲ್ಲಿ: ‘ಮೀನು. ಉದ್ದ 25. ಸುತ್ತು 13.’ ಅದರ ಮುಂದೆಯೂ ‘ಕೊಟ್ಟಿದೆ’.

ಆ ಪುಟದ ಚಿತ್ರವನ್ನು ತೆಗೆದು ಹುಡುಗನಿಗೆ ಕಳುಹಿಸಿದೆ. ಬಳಿಕ ಕರೆಮಾಡಿ ವಿಧಿಯನ್ನು ಮರೆಮಾಚದೆ ತಿಳಿಸಿದೆ. ಪ್ರತಿಕೃತಿ ಮಾಡಿಸಬೇಡ, ನೀನು ತೆಗೆದ ಫೋಟೊ ನಿನ್ನ ಬಳಿ ಇರಲಿ, ಅಳತೆಯ ಪುಸ್ತಕವನ್ನೂ ಟೇಪನ್ನೂ ಅಕ್ಕ ನಿನಗಾಗಿ ಎತ್ತಿಟ್ಟಿದ್ದಾಳೆ ಎಂದೆ. ಅವನು ಬಹಳ ಹೊತ್ತು ಮಾತನಾಡಲಿಲ್ಲ. ಅಳುತ್ತಿದ್ದನೆಂದು ಉಸಿರಿನಿಂದ ತಿಳಿಯಿತು. ನನ್ನ ಎಲ್ಲ ಮಾತುಗಳನ್ನೂ ಅವನು ಒಪ್ಪಿದ್ದಾನೆಂದು ಈಗಲೂ ಹೇಳಲಾರೆ. “ಗೋಡೆ ಖಾಲಿಯಾಗಿಯೇ ಕಾಣುತ್ತದೆ ಮಾಮ” ಎಂದು ಇತ್ತೀಚೆಗೆ ಒಮ್ಮೆ ಹೇಳಿದ. ಆದರೆ ಪ್ರತಿಕೃತಿಯನ್ನು ಅವನು ಮಾಡಿಸಲಿಲ್ಲ. ಅದಕ್ಕೆಂದು ತೆಗೆದಿಟ್ಟ ಹಣದಿಂದ, ಎಲ್ಲಿಯೂ ಹೆಸರು ಬರೆಸದೆ, ನಮ್ಮ ಮದ್ರಸದ ಇಬ್ಬರು ಅನಾಥ ಮಕ್ಕಳಿಗೆ ಪೆರ್ನಾಳಿನ ಬಟ್ಟೆ ಹೊಲಿಸಿಕೊಡಲು ಹೇಳಿದ. ಉಳಿದ ತುಂಡುಗಳನ್ನು ಮರೆಯದೆ ಕೊಡಿಸಬೇಕೆಂದೂ ಸೇರಿಸಿದ.

ಪ್ರಿಯ ಓದುಗರೇ, ನಮ್ಮ ಮನೆಗಳಲ್ಲೂ ಅಗಲಿದವರ ಗುರುತುಗಳನ್ನು ಏನು ಮಾಡುವುದೆಂಬ ಪ್ರಶ್ನೆ ಇಂದಲ್ಲ ನಾಳೆ ಬರುತ್ತದೆ. ಆಗ ವಿಧಿಯನ್ನು ಅರಿತವರಿಂದ ಕೇಳಿ ತಿಳಿಯಿರಿ. ಹೇಳುವ ಸ್ಥಾನದಲ್ಲಿರುವವರು ಕೇಳಿದವನ ದುಃಖವನ್ನೂ ಕೇಳಿಸಿಕೊಳ್ಳಲಿ. ಮನುಷ್ಯ ಮರಣಹೊಂದಿದ ಮೇಲೆ ಮೂರು ಸಂಗತಿಗಳು ಮಾತ್ರ ಮುಂದುವರಿಯುತ್ತವೆ ಎಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ: ನಿರಂತರ ಫಲ ನೀಡುವ ದಾನ, ಜನರಿಗೆ ಉಪಕಾರವಾಗುವ ಜ್ಞಾನ, ಪ್ರಾರ್ಥಿಸುವ ಸಜ್ಜನ ಸಂತಾನ. ಈ ಮೂರಕ್ಕೂ ಗೋಡೆಯ ಅಗತ್ಯವಿಲ್ಲ. ನಮಗಿಂತ ಮೊದಲು ತೆರಳಿದವರ ಕಬರ್‌ಗಳನ್ನು ಅಲ್ಲಾಹನು ಬೆಳಗಿಸಲಿ, ಅವರು ಬಿಟ್ಟುಹೋದ ಒಳಿತನ್ನು ಮುಂದುವರಿಸುವ ಶಕ್ತಿಯನ್ನು ನಮ್ಮ ಮಕ್ಕಳಿಗೆ ಕರುಣಿಸಲಿ. ಆಮೀನ್.