ಕಳೆದದ್ದು, ಕೂಡಬೇಕಾದದ್ದು



ಮೊನ್ನೆ ಮೊಮ್ಮಗಳು ತನ್ನ ಪಿಯುಸಿ ಭೌತಶಾಸ್ತ್ರದ ಲೆಕ್ಕವೊಂದನ್ನು ತಂದು ಮುಂದಿಟ್ಟಳು. ಕಂಡೊಡನೆ ಮನಸ್ಸು 1992ರ ಯಡ್ರಾಮಿಗೆ ಹೋಯಿತು.

ಇಂದು ತಾಲ್ಲೂಕು ಕೇಂದ್ರವಾಗಿರುವ ಯಡ್ರಾಮಿ ಆಗ ಜೇವರ್ಗಿ ತಾಲ್ಲೂಕಿನ ಒಂದು ಊರು. ಅಲ್ಲಿ ಹತ್ತನೆಯ ತರಗತಿಗೆ ಪಠ್ಯದಾಚೆಯ ಲೆಕ್ಕವೊಂದನ್ನು ಹಲಗೆಯ ಮೇಲೆ ಬರೆದೆ: ಅನಿಲ ತುಂಬಿದ ವಿಸರ್ಜನಾ ನಳಿಕೆಯ ಒಂದು ಅಡ್ಡಕೊಯ್ತವನ್ನು ಸೆಕೆಂಡಿಗೆ 3 × 10¹⁸ ಎಲೆಕ್ಟ್ರಾನುಗಳು ಎಡಕ್ಕೂ, ಅಷ್ಟೇ ಪ್ರಮಾಣದ ಧನ ಆವೇಶವುಳ್ಳ 1 × 10¹⁸ ಅಯಾನುಗಳು ಬಲಕ್ಕೂ ದಾಟುತ್ತಿವೆ; ವಿದ್ಯುತ್ ಪ್ರವಾಹವೆಷ್ಟು?

ಎದುರುಬದುರಾಗಿ ಚಲಿಸುವುದರಿಂದ ಕಳೆಯಬೇಕೆಂದು ಬಗೆದು, ಉಳಿದ 2 × 10¹⁸ನ್ನು 1.6 × 10⁻¹⁹ ಕೂಲಾಮ್‌ನಿಂದ ಗುಣಿಸಿ 0.32 ಆಂಪೇರ್ ಎಂದೆ. ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು, “ಸರ್, ಕೂಡಬೇಕಲ್ರಿ?” ಎಂದ.

“ನೀ ಸುಮ್ನ ಕೂಡು” ಎಂದು ಗದರಿದೆ. ತರಗತಿಯೆಲ್ಲ ನಕ್ಕಿತು. ಅವನು ತಲೆತಗ್ಗಿಸಿ ಕುಳಿತ.

ಆ ರಾತ್ರಿ ಮನೆಯ ಟ್ಯೂಬ್‌ಲೈಟಿನ ಕೆಳಗೆ ಕುಳಿತಾಗ ತಪ್ಪು ಹೊಳೆಯಿತು. ಆ ನಳಿಕೆಯೊಳಗೂ ಆರ್ಗಾನ್ ಮತ್ತು ಪಾದರಸದ ಆವಿಯಲ್ಲಿ ಇದೇ ನಡೆಯುತ್ತದೆ; ಅಯಾನುಗಳು ಭಾರವಾದ್ದರಿಂದ ನಿಧಾನ, ಪ್ರವಾಹದ ಬಹುಪಾಲು ಎಲೆಕ್ಟ್ರಾನುಗಳದೇ. ಋಣ ಆವೇಶವೆಂದರೆ ಸಾಲವಿದ್ದಂತೆ. ಮನೆಗೆ ಹತ್ತು ರೂಪಾಯಿ ಬಂದರೂ, ಹತ್ತು ರೂಪಾಯಿಯ ಸಾಲ ಮನೆಯಿಂದ ತೊಲಗಿದರೂ ಲಾಭ ಒಂದೇ. ಬಲಕ್ಕೆ ಬಂದ ಧನವೂ, ಅಲ್ಲಿಂದ ಎಡಕ್ಕೆ ಹೋದ ಋಣವೂ ಬಲಮುಖದ ಪ್ರವಾಹವೇ. ಆದ್ದರಿಂದ ಎರಡನ್ನೂ ಕೂಡಬೇಕು: 4 × 10¹⁸ × 1.6 × 10⁻¹⁹, ಅಂದರೆ 0.64 ಆಂಪೇರ್. ನಾನು ಹೇಳಿದ್ದು ಅದರ ಅರ್ಧ.

ಮರುದಿನ ಹಲಗೆಯ ಮೇಲೆ ಲೆಕ್ಕವನ್ನು ತಿದ್ದಿ, “ನಿನ್ನೆ ಅವನು ಹೇಳಿದ್ದೇ ಸರಿ, ನನ್ನದು ತಪ್ಪು” ಎಂದೆ. ಹಿಂದಿನ ಸಾಲಿನಲ್ಲಿ ಅವನ ಜಾಗ ಖಾಲಿಯಿತ್ತು. ಆ ವರ್ಷ ಮಳೆ ಕೈಕೊಟ್ಟು, ಅವನ ಮನೆಯವರು ಬೆಳಗಿನ ಜಾವವೇ ಪುಣೆಗೆ ಗುಳೆ ಹೋಗಿದ್ದರು. ಅವನು ಮರಳಿ ಶಾಲೆಗೆ ಬರಲಿಲ್ಲ.

1897ರಲ್ಲಿ ಜೆ.ಜೆ. ಥಾಮ್ಸನ್ ಇಂಥ ನಳಿಕೆಗಳನ್ನು ನೋಡುತ್ತಲೇ ಎಲೆಕ್ಟ್ರಾನನ್ನು ಕಂಡುಹಿಡಿದರೆಂದು ಪ್ರತಿವರ್ಷ ಪಾಠ ಹೇಳಿದೆ. ಹೇಳುವಾಗಲೆಲ್ಲ ಕಣ್ಣು ಆ ಸಾಲಿಗೇ ಹೋಗುತ್ತಿತ್ತು.

ಅಂದಿನ ತರಗತಿಯವರು ಯಾರಾದರೂ ಇದನ್ನು ಓದುತ್ತಿದ್ದು, ಅವನನ್ನು ಬಲ್ಲವರಾಗಿದ್ದರೆ, ದಯವಿಟ್ಟು ತಿಳಿಸಿರಿ: ಅವನ ಲೆಕ್ಕ ಸರಿಯಾಗಿತ್ತು.