ಚಾರ್ಮಾಡಿಯಲ್ಲಿ ಏರಿದ ಮುಳ್ಳು

ನವೆಂಬರ್ ತಿಂಗಳ ಒಂದು ಭಾನುವಾರ. ಧರ್ಮಸ್ಥಳ ಮುಗಿಸಿ ಉಜಿರೆ ಬಿಟ್ಟಾಗ ಸಂಜೆ ನಾಲ್ಕೂವರೆ. ಕತ್ತಲಾಗೋದರೊಳಗೆ ಚಾರ್ಮಾಡಿ ಹತ್ತಿ, ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಬೆಂಗಳೂರಿನ ಕಡೆ ಹೊರಡೋದು ನಮ್ಮ ಪ್ಲ್ಯಾನ್. ಹಿಂದೆ ಅಮ್ಮ, ಪಕ್ಕದಲ್ಲಿ ಅಪ್ಪ. ಕಾರು ಅಪ್ಪನದೇ, 2007ರ ಮಾಡೆಲ್.

ಮಂಗಳೂರು-ತುಮಕೂರು ಹೆದ್ದಾರಿ 73ರಲ್ಲಿ ಘಾಟಿಯ ತಿರುವುಗಳು ಶುರುವಾದವು. ಮುಂದೊಂದು ಬಸ್ಸು ಆಮೆ ಥರ ಹತ್ತುತ್ತಿತ್ತು, ಅದರ ಹಿಂದೆ ನಾವು ಸೆಕೆಂಡ್ ಗೇರಿನಲ್ಲಿ. ನಾಲ್ಕೈದು ತಿರುವು ಆಗೋದರೊಳಗೆ ಟೆಂಪರೇಚರ್ ಮುಳ್ಳು ಅರ್ಧ ದಾಟಿತ್ತು.

ನನ್ನ ಎದೆ ಧಸಕ್ಕೆಂದಿತು. ಯಾಕಂದ್ರೆ ಎರಡು ವಾರದ ಹಿಂದೆಯೇ ಕೂಲೆಂಟ್ ಕಡಿಮೆಯಾಗಿದ್ದು ನೋಡಿದ್ದೆ. ನಲ್ಲಿ ನೀರು ತುಂಬಿಸಿ ಬಾನೆಟ್ ಮುಚ್ಚಿದ್ದೆ. ಸರ್ವರ್ ನಿಂತಾಗ ಕಾರಣ ಹುಡುಕದೆ ರೀಸ್ಟಾರ್ಟ್ ಮಾಡ್ತೀವಲ್ಲ, ಹಾಗೆ. ಯಾರಿಗೂ ಹೇಳಿರಲಿಲ್ಲ.

ಎಸಿ ಆಫ್ ಮಾಡಿ ಹೀಟರ್ ಫುಲ್ ಹಾಕಿದೆ. ಹೀಟರ್ ಕೂಡ ಒಂದು ಪುಟ್ಟ ರೇಡಿಯೇಟರ್, ಇಂಜಿನ್ನಿನ ಬಿಸಿಯನ್ನು ಸ್ವಲ್ಪ ಹೊರಗೆ ಎಳೆಯುತ್ತೆ. ಆದ್ರೂ ಮುಳ್ಳು ಕೆಂಪಿನ ಹತ್ತಿರ. "ಇನ್ನೊಂಚೂರು ಮೇಲೆ ಹೋದ್ರೆ ಅಣ್ಣಪ್ಪನ ಗುಡಿ ಹತ್ರ ಜನ ಇರ್ತಾರೆ" ಅಂದೆ. "ಬೇಡ, ಜಾಗ ನೋಡಿ ನಿಲ್ಸು" ಅಂದ್ರು ಅಪ್ಪ.

ಬಾನೆಟ್ ಎತ್ತಿದ್ರೆ ಹಬೆ. ನನ್ನ ಕೈ ನೇರ ರೇಡಿಯೇಟರ್ ಮುಚ್ಚಳಕ್ಕೆ ಹೋಯಿತು. ಅಪ್ಪ ಹಿಡಿದು ಎಳೆದರು. ಒಳಗೆ ಒತ್ತಡ ಇರೋದರಿಂದ ನೀರು 100 ಡಿಗ್ರಿ ದಾಟಿದ್ರೂ ಕುದಿಯೋದಿಲ್ಲ. ಮುಚ್ಚಳ ತೆಗೆದ ಕ್ಷಣ ಕುದಿದು ಮುಖಕ್ಕೇ ಚಿಮ್ಮುತ್ತೆ. ಇಂಜಿನಿಯರಿಂಗ್ ಮೊದಲ ವರ್ಷ ಇದನ್ನೇ ಬರೆದು ಪಾಸಾದವನು ನಾನು!

ಮುಕ್ಕಾಲು ಗಂಟೆ ಕಾದೆವು. ಕಣಿವೆಯಿಂದ ಮಂಜು ಏರ್ತಿತ್ತು. ಫೋನಿನಲ್ಲಿ ಸಿಗ್ನಲ್ ಇಲ್ಲ, ವಿಡಿಯೋ ನೋಡಿ ಕಲಿಯೋ ದಾರಿಯೂ ಬಂದ್. ಕೊನೆಗೆ ನಲ್ಲಿ ನೀರಿನ ವಿಷಯ ಹೇಳಿಬಿಟ್ಟೆ. ಅಪ್ಪ ಸುಮ್ಮನಿದ್ದು, "ನೀರು ತುಂಬಿಸಿದ್ದು ಸರಿ. ಇದ್ದಿದ್ದು ಎಲ್ಲಿಗೆ ಹೋಯ್ತು ಅಂತ ಕೇಳ್ಲಿಲ್ವಲ್ಲ" ಅಂದ್ರು.

ಇಂಜಿನ್ ತಣ್ಣಗಾದ ಮೇಲೆ ಹುಡುಕಿದೆವು. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಹಾಲು ಬೆರೆತ ಕಾಫಿ ಬಣ್ಣಕ್ಕೆ ತಿರುಗಿರಲಿಲ್ಲ. ತಿರುಗಿದ್ರೆ ಹೆಡ್ ಗ್ಯಾಸ್ಕೆಟ್ ಹೋಗಿದೆ ಅಂತ ಅನುಮಾನ, ಆಗ ಟೋ ಒಂದೇ ಗತಿ. ಸಿಕ್ಕಿದ್ದು ಮೇಲಿನ ಹೋಸ್ ತುದಿಯಲ್ಲಿ, ಕ್ಲ್ಯಾಂಪ್ ಪಕ್ಕ ಒಂದು ಸೀಳು. ಹಣ್ಣು ಕತ್ತರಿಸೋಕೆ ಅಮ್ಮ ತಂದಿದ್ದ ಚಾಕುವಿನಿಂದ ಆ ತುದಿ ಕೊಯ್ದು, ಹೋಸ್ ಎಳೆದು ಸೇರಿಸಿ, ಸ್ಕ್ರೂಡ್ರೈವರ್‌ನಲ್ಲಿ ಬಿಗಿ ಮಾಡಿದೆವು. ಕುಡಿಯೋ ನೀರನ್ನೆಲ್ಲ ನಿಧಾನವಾಗಿ ಸುರಿದೆವು. ಇಂಜಿನ್ ಸ್ಟಾರ್ಟ್ ಮಾಡಿ ನೋಡಿದರೆ ಸೋರಲಿಲ್ಲ, ಸೈಲೆನ್ಸರಿನಲ್ಲಿ ಬಿಳಿ ಹೊಗೆಯೂ ಇಲ್ಲ. ಮುಳ್ಳಿನ ಮೇಲೇ ಕಣ್ಣಿಟ್ಟು ಕೊಟ್ಟಿಗೆಹಾರ ಸೇರಿದಾಗ ಪೂರ್ತಿ ಕತ್ತಲು. ಆ ದಿನದ ನೀರುದೋಸೆ ರುಚಿ ಬೇರೆಯೇ.

ಗೆದ್ದ ಹುಮ್ಮಸ್ಸಿನಲ್ಲಿ ಮುಂದಿನ ಭಾನುವಾರ ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನಲ್ಲಿ ಹೊಸ ಹೋಸ್, ಥರ್ಮೋಸ್ಟಾಟ್, ಕೂಲೆಂಟ್ ಎಲ್ಲ ನಾನೇ ಹಾಕಿದೆ. ಆದ್ರೂ ನೆಲದ ಮೇಲೆ ಹನಿ. ಈ ಸಲ ವಾಟರ್ ಪಂಪ್. ನಮ್ಮ ಕಾರಿನಲ್ಲಿ ಅದನ್ನು ತೆಗೀಬೇಕಂದ್ರೆ ಟೈಮಿಂಗ್ ಬೆಲ್ಟ್ ಬಿಚ್ಚಬೇಕು. ಬೆಲ್ಟ್ ತಪ್ಪಾಗಿ ಕೂತ್ರೆ ವಾಲ್ವಿಗೆ ಪಿಸ್ಟನ್ ಬಡಿದು ಇಂಜಿನ್ನೇ ಹೋಗಬಹುದು. ಸ್ಪ್ಯಾನರ್ ಕೆಳಗಿಟ್ಟು ಪರಿಚಯದ ಮೆಕ್ಯಾನಿಕ್‌ಗೆ ಫೋನ್ ಮಾಡಿದೆ.

ನಾನು ಕಂಡುಕೊಂಡ ಲೆಕ್ಕ ಇಷ್ಟೇ: ತಪ್ಪಾದ್ರೆ ಮತ್ತೆ ಬಿಚ್ಚಿ ಸರಿಮಾಡಬಹುದಾದ ಕೆಲಸ ನಂದು. ತಪ್ಪಾದ್ರೆ ಇಂಜಿನ್ನೇ ಹೋಗೋ ಕೆಲಸ ಗೊತ್ತಿದ್ದವರದ್ದು.

ಈಗಲೂ ಭಾನುವಾರ ಬೆಳಗ್ಗೆ, ಇಂಜಿನ್ ತಣ್ಣಗಿರುವಾಗ, ಕೂಲೆಂಟ್ ನೋಡ್ತೀನಿ. ಕಡಿಮೆ ಅನ್ನಿಸಿದ್ರೆ ತುಂಬಿಸೋಕೆ ಮೊದಲು ಬಗ್ಗಿ ನೆಲ ನೋಡ್ತೀನಿ.